ಮೊದಲ ಚುಕ್ಕೆಯ ಕೈ ಬಿಟ್ಟಾಗ

"ತಗೊಳ್ಳಿ, ಇದನ್ನೂ ನೀವೇ ಇಟ್ಕೊಳ್ಳಿ! ನಿಮ್ಮ ಹೊಟ್ಟೆ ತಣ್ಣಗಾಗಲಿ!"

ಟಪ್ ಎಂದು ಮೇಜಿನ ಮೇಲೆ ಬಿತ್ತು ಬ್ಯಾಡ್ಜು. ಬಿದ್ದದ್ದು ಸುಮ್ಮನಿರದೆ ಜಾರಿಕೊಂಡು ಹೋಗಿ ಟೀ ಲೋಟಕ್ಕೆ ಬಡಿಯಿತು. ಲೋಟ ಉರುಳಿ, ಅದರಲ್ಲಿದ್ದ ಟೀ ಅಷ್ಟೂ ಎದುರಿಗೆ ಕೂತವನ ತಿಳಿನೀಲಿ ಅಂಗಿಯ ಮೇಲೆ!

ಆಂಬುಲೆನ್ಸ್ ಕಂಟ್ರೋಲ್ ರೂಮಿನಲ್ಲಿ ಫೋನ್ ಹಿಡಿದು ಕೂತಿದ್ದವರೆಲ್ಲ ತಲೆಯೆತ್ತಿದರು. ಎತ್ತಿದ ತಲೆಗಳು ಅಷ್ಟೇ ಬೇಗ ಕೆಳಗಿಳಿದವು. ಯಾಕೆಂದರೆ ಬಂದು ನಿಂತಿದ್ದವಳು ಕೆಂಡ!

ಮೇಲಿನ ಮಹಡಿಯ ಕಂಪ್ಯೂಟರ್ ವಿಭಾಗದಲ್ಲಿ ಪ್ರೋಗ್ರಾಂ ಬರೆಯುವ ಹುಡುಗಿ ಅವಳು. ಕೋಪ ಮೂಗಿನ ತುದಿಯಲ್ಲೇ ಇರುತ್ತದೆಂದು ಆಫೀಸಿನವರು ಕೆಂಡ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದಲ್ಲ, ಎದುರಿಗೇ. ಅವಳೂ "ಏನು?" ಎಂದು ತಿರುಗುತ್ತಿದ್ದಳು.

ಟೀಯಲ್ಲಿ ನೆನೆದವನು ಕಂಟ್ರೋಲ್ ರೂಮಿಗೆ ಹೊಸದಾಗಿ ಬಂದ ಮೇಲ್ವಿಚಾರಕ. ಪ್ರತಿ ಆಂಬುಲೆನ್ಸಿನಲ್ಲೂ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಅದು ಆಗಾಗ "ನಾನು ಇಲ್ಲಿದ್ದೇನೆ, ಇಲ್ಲಿದ್ದೇನೆ" ಎಂದು ಸುದ್ದಿ ಕಳಿಸುತ್ತಲೇ ಇರುತ್ತದೆ. ಆ ಸುದ್ದಿ ಗೋಡೆಯ ದೊಡ್ಡ ಪರದೆಯ ಮೇಲೆ ಚುಕ್ಕೆಯಾಗಿ ಮಿನುಗುತ್ತದೆ. ಆ ಚುಕ್ಕೆಗಳನ್ನು ಕಾಯುವುದು ಇವನ ಕೆಲಸ.

ಅವನು ಜೇಬಿನಿಂದ ಕರವಸ್ತ್ರ ತೆಗೆದು ಮೊದಲು ಬ್ಯಾಡ್ಜನ್ನು ಒರೆಸಿದ. ಅಂಗಿಯ ಕಡೆ ನೋಡಲೂ ಇಲ್ಲ.

"ಇದು ಯಾರದ್ದು?"

"ನನ್ನ ಅಕ್ಕಂದು! ನಿಮ್ಮ ಒಂದು ಮಾತಿಗೆ ಆಂಬುಲೆನ್ಸ್ ಬಿಟ್ಟು ಮನೇಲಿ ಕೂತಿದ್ದಾಳಲ್ಲ, ಅವಳದ್ದು! ವಿಚಾರಣೆಯಲ್ಲಿ ಏನ್ರೀ ಹೇಳಿದ್ರಿ ನೀವು?"

"ಕೇಳಿದ್ದಕ್ಕೆ ಉತ್ತರ ಹೇಳಿದೆ."

"ಏನು ಕೇಳಿದ್ರು?"

"ಮಾರುಕಟ್ಟೆ ಬೀದೀಲಿ ಗಾಡಿ ನಿಂತಿತ್ತಾ ಅಂತ. ಪರದೆ ಮೇಲೆ ಚುಕ್ಕೆ ಕಾಲು ಗಂಟೆ ಒಂದೇ ಕಡೆ ಇತ್ತು. ನಿಂತಿತ್ತು ಅಂದೆ."

"ಯಾಕೆ ಅಂತ ಹೇಳಲಿಲ್ವಾ? ಅಲ್ಲೇನಾಗಿತ್ತೋ ಗೊತ್ತಿಲ್ಲ ಅಂತ ಒಂದು ಮಾತು ಹೇಳಲಿಲ್ವಾ?"

"ಅದನ್ನ ಅವರು ಕೇಳಲಿಲ್ಲ."

ಕೇಳಲಿಲ್ಲ! ಅಲ್ಲ, ಇಂಥ ಮಾತಿಗೆ ಸಿಟ್ಟು ಬಾರದೆ ಇನ್ನೇನು ಬಂದೀತು ಹೇಳಿ? ಅವಳ ಕಿವಿಯ ತುದಿಗಳೆಲ್ಲ ಕೆಂಪಾದವು.

"ಮನೆಗೆ ಬೆಂಕಿ ಬಿದ್ದರೂ ಯಾರಾದ್ರೂ ಬಂದು ಕೇಳೋ ತನಕ ಬಾಯಿ ಬಿಡಲ್ಲ ಅಲ್ವಾ ನೀವು?"

ಅವನು ಆ ಪ್ರಶ್ನೆಯನ್ನು ನಿಜವಾಗಿಯೇ ಯೋಚಿಸಿದ.

"ಕಲ್ಲುಬಸವ!" ಎಂದವಳೇ ಬಾಗಿಲನ್ನು ಧಡಾರನೆ ಎಳೆದುಕೊಂಡು ಹೋದಳು. ಸಂಜೆಯೊಳಗೆ ಆ ಹೆಸರು ಅವನಿಗೆ ಖಾಯಂ ಆಯಿತು.

* * *

ಆಗಿದ್ದು ಇಷ್ಟು. ಪಾರ್ಶ್ವವಾಯು ಬಡಿದ ಒಬ್ಬ ಹಿರಿಯರನ್ನು ಅಕ್ಕ ಆಸ್ಪತ್ರೆಗೆ ಒಯ್ಯುತ್ತಿದ್ದಳು. ತಲುಪಿದ್ದು ತಡವಾಯಿತು. ಜೀವ ಉಳಿಯಿತು, ಬಲಗೈಯ ಸ್ವಾಧೀನ ಹೋಯಿತು. ಮನೆಯವರು ದೂರು ಕೊಟ್ಟರು, ಅವರ ನೋವು ಅವರಿಗೆ. ಆದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? "ದಾರೀಲಿ ಟೀ ಕುಡಿಯೋಕೆ ಗಾಡಿ ನಿಲ್ಲಿಸಿದ್ಲಂತೆ" ಎಂಬ ಮಾತು ಹುಟ್ಟಿತು. ಅದರ ಮೇಲೆ ಈ ಕಲ್ಲುಬಸವನ ಸಾಕ್ಷಿ, ಗಾಯದ ಮೇಲೆ ಬರೆ ಎಳೆದ ಹಾಗೆ. ಶುಕ್ರವಾರ ಕೊನೆಯ ವಿಚಾರಣೆ. ಅಲ್ಲಿ ತಪ್ಪು ಎಂದು ತೀರ್ಮಾನವಾದರೆ ಅಕ್ಕ ಇನ್ನು ಜನ್ಮದಲ್ಲಿ ಆಂಬುಲೆನ್ಸಿನ ಸ್ಟೀರಿಂಗ್ ಮುಟ್ಟುವಂತಿಲ್ಲ.

ಅಪ್ಪ ಇಲ್ಲದ ಮನೆಯಲ್ಲಿ ತಂಗಿಯನ್ನು ಓದಿಸಿದ್ದು ಆ ಸ್ಟೀರಿಂಗೇ. ಬ್ಯಾಡ್ಜು ವಾಪಸು ಕೊಡಬೇಕೆಂದು ಆಫೀಸಿನಿಂದ ಹೇಳಿಕಳಿಸಿದಾಗ ಅಕ್ಕ ಅದನ್ನು ತೆಗೆದು ತಂಗಿಯ ಕೈಗಿತ್ತಳು. ಆಫೀಸಿನ ಸ್ಟೋರ್ ರೂಮಿಗೆ ಹೋಗಬೇಕಾದದ್ದು ಕಂಟ್ರೋಲ್ ರೂಮಿಗೆ ಹೋಗಿ ಬಿದ್ದದ್ದನ್ನು ನೀವೇ ನೋಡಿದಿರಲ್ಲ.

ಮನೆಗೆ ಬಂದರೆ ಅಕ್ಕ ಹಾಕಿಕೊಂಡು ಹೋಗಲು ಕೆಲಸವಿಲ್ಲದಿದ್ದರೂ ಯೂನಿಫಾರ್ಮಿಗೆ ಇಸ್ತ್ರಿ ಹಾಕುತ್ತಿದ್ದಳು.

"ಬೈದು ಬಂದೆ!"

"ಯಾರಿಗೇ?"

"ಆ ಕಲ್ಲುಬಸವನಿಗೆ!"

"ಬೈದ್ರೆ ಬ್ಯಾಡ್ಜ್ ವಾಪಸ್ ಬರುತ್ತೇನೇ?" ಒಳಗಿನಿಂದ ಅಮ್ಮ ಹೇಳಿದಳು. "ಸಿಟ್ಟಲ್ಲಿ ಕೊಯ್ಕೊಂಡ ಮೂಗು ಶಾಂತವಾದ ಮೇಲೆ ಬರಲ್ಲ ಅಂತ ಎಷ್ಟು ಸಲ ಹೇಳಿದ್ದೀನಿ ಇವಳಿಗೆ."

ಅಕ್ಕ ಇಸ್ತ್ರಿಪೆಟ್ಟಿಗೆ ಬದಿಗಿಟ್ಟಳು. ಅವಳ ಕಣ್ಣು ತುಂಬಿತ್ತು.

"ನಾನು ನಿಲ್ಲಿಸಿಲ್ಲ ಕಣೇ... ಮುಖ್ಯರಸ್ತೆ ಅಗೆದು ಹಾಕಿದ್ರು, ಮಾರುಕಟ್ಟೆ ಬೀದಿಗೆ ತಿರುಗಿಸಿದೆ. ಮೇಲೆಲ್ಲ ತಗಡು, ಕೆಳಗೆಲ್ಲ ಜನ. ಸೈರನ್ ಹಾಕ್ಕೊಂಡು ಇಂಚಿಂಚೇ ತೆವಳಿದೆ. ಕಿಟಕಿಯಿಂದ ತಲೆ ಹಾಕಿ ಗಂಟಲು ಹರ್ಕೊಂಡೆ. ಕಂಟ್ರೋಲ್ ರೂಮಿಗೆ ಹೇಳೋಣ ಅಂದ್ರೆ ಆ ತಗಡಿನ ಕೆಳಗೆ ರೇಡಿಯೋ ಬರೀ ಗೊರಗೊರ..."

"ಏನಂದೆ?"

"ಗಂಟಲು ಹರ್ಕೊಂಡೆ ಅಂದೆ."

"ಅಲ್ಲ, ರೇಡಿಯೋ!"

ತಗಡಿನ ಕೆಳಗೆ ರೇಡಿಯೋ ಸತ್ತರೆ ಪೆಟ್ಟಿಗೆ ಮಾತ್ರ ಬದುಕಿರುತ್ತದೆಯೇ?

* * *

ಮರುದಿನ ಬೆಳಿಗ್ಗೆ ಅವಳು ಮತ್ತೆ ಅದೇ ಬಾಗಿಲಲ್ಲಿ ನಿಂತಾಗ ಅವನು ಟೀ ಲೋಟವನ್ನು ಮೊದಲು ಕಪಾಟಿನ ಮೇಲಿಟ್ಟ. ಅವತ್ತು ಅವನ ಅಂಗಿ ಕಪ್ಪು.

"ಗಾಡೀಲಿರೋ ಥರದ ಒಂದು ಪೆಟ್ಟಿಗೆ ಬೇಕು. ಮಾರುಕಟ್ಟೆ ಬೀದಿಗೆ ಒಯ್ಯಬೇಕು."

ಅವನು ಯಾಕೆಂದು ಕೇಳದೆ ಪೆಟ್ಟಿಗೆ ಚೀಲಕ್ಕೆ ಹಾಕಿಕೊಂಡು ಅವಳ ಹಿಂದೆಯೇ ಹೊರಟ.

"ನಿಮ್ಮನ್ನ ಯಾರು ಕರೆದ್ರು?"

"ಪೆಟ್ಟಿಗೆ ಆಫೀಸಿನದ್ದು. ಅದೊಂದನ್ನೇ ಕಳಿಸೋ ಹಾಗಿಲ್ಲ."

ಬೀದಿಯ ಈ ಗೋಡೆಯಿಂದ ಆ ಗೋಡೆಯವರೆಗೆ ತಗಡು ಹೊದಿಸಿತ್ತು. ಮೊಳೆ ಕಿತ್ತುಹೋದ ತೂತುಗಳಿಂದ ಬಿಸಿಲು ಸೂಜಿಯಂತೆ ಇಳಿಯುತ್ತಿತ್ತು. ಬಕೆಟ್ಟಿನ ಅಂಗಡಿ, ಬೀಗದ ಅಂಗಡಿ, ಬಟ್ಟೆ ಥಾನುಗಳು, ನಡುವೆ ಹೆಗಲಿಗೆ ಹೆಗಲು ತಾಗಿಸಿಕೊಂಡು ನಡೆಯುವ ಜನ. ಇಬ್ಬರೂ ಅವಳ ಫೋನಿನ ಪರದೆ ನೋಡುತ್ತ ನಡೆದರು. ಫೋನಿನಲ್ಲಿ ಆ ಪೆಟ್ಟಿಗೆಯ ಚುಕ್ಕೆ ಮಾತ್ರ ಬೀದಿಯ ಬಾಯಲ್ಲೇ ನಿಂತುಬಿಟ್ಟಿತು!

ಬಕೆಟ್ಟಿನ ಅಂಗಡಿ ದಾಟಿದರು, ಚುಕ್ಕೆ ಅಲ್ಲೇ. ಬೀಗದ ಅಂಗಡಿ ದಾಟಿದರು, ಅಲ್ಲೇ.

"ಆಕಾಶ ಕಾಣದಿದ್ದರೆ ಇದಕ್ಕೆ ಜಾಗ ಗೊತ್ತಾಗಲ್ಲ," ಎಂದ ಅವನು ಮೆಲ್ಲಗೆ. "ಗೊತ್ತಾಗದಿದ್ರೆ ಸುಮ್ಮನಿರೋದು ಬಿಟ್ಟು ಹಳೇ ಜಾಗವನ್ನೇ ಮತ್ತೆ ಮತ್ತೆ ಹೇಳ್ತಿದೆ."

"ನಡೀತಿದ್ದೀವಿ! ನಡೀತಿದ್ದೀವಿ, ಆದ್ರೂ ನಿಂತಿದ್ದೀವಿ ಅಂತಿದೆ!" ಅವಳು ಸಂತೋಷ ತಡೆಯಲಾರದೆ ಅವನ ತೋಳು ಹಿಡಿದು ಅಲುಗಾಡಿಸಿದಳು. ಮರುಕ್ಷಣವೇ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಕಿತ್ತುಕೊಂಡಳು.

ಅಷ್ಟರಲ್ಲಿ ಹಿಂದಿನಿಂದ ಕಬ್ಬಿಣದ ಪೈಪು ತುಂಬಿದ ಕೈಗಾಡಿ ನುಗ್ಗಿ ಬಂತು. ಅವನು ಅವಳ ಮೊಣಕೈ ಹಿಡಿದು ಪಕ್ಕಕ್ಕೆಳೆದ.

"ಮುಟ್ಟಬೇಡಿ!"

"ನಾನು ಮುಟ್ಟದಿದ್ರೆ ಪೈಪು ಮುಟ್ಟುತ್ತೆ."

ಅವಳಿಗೆ ನಗು ಬಂತು. ಬಂದದ್ದನ್ನು ಹಲ್ಲು ಕಚ್ಚಿ ನುಂಗಿಕೊಂಡಳು. *ಇವನ ಮುಂದೆ ನಗೋದಾ? ಮೊದಲ ದಿನ ಏನು ಹೇಳಿದ್ದ ಮರೆತುಹೋಯ್ತಾ ನಿನಗೆ?*

ಆಫೀಸಿಗೆ ಮರಳಿ ಕಂಡದ್ದನ್ನೆಲ್ಲ ಹೇಳಿದಾಗ, ವಿಚಾರಣೆ ನಡೆಸುತ್ತಿದ್ದ ಮೇಡಂ ಕನ್ನಡಕದ ಮೇಲಿಂದ ಅವಳನ್ನು ನೋಡಿದರು. ನೇರ ಮಾತಿನ ಹೆಂಗಸು.

"ಒಂದು ದಿನ, ಒಂದು ಪೆಟ್ಟಿಗೆ. ಅದೂ ಅಕ್ಕನಿಗಾಗಿ ತಂಗಿ ತಂದ ಸಾಕ್ಷಿ. ಇದನ್ನ ನಾನು ಹೇಗಮ್ಮ ಒಪ್ಪಲಿ? ಆ ಪೆಟ್ಟಿಗೆ ಒಂದೇ ಕೆಟ್ಟಿರಬಹುದಲ್ವಾ? ಯಾವ ಗಾಡಿ ಹೋದ್ರೂ, ಯಾರು ಓಡಿಸಿದ್ರೂ ಅಲ್ಲಿ ಹೀಗೇ ಆಗುತ್ತೆ ಅಂತ ತೋರಿಸು. ಆಗ ನಂಬ್ತೀನಿ."

* * *

ಯಾವ ಗಾಡಿ ಹೋದರೂ, ಅಂದರೆ ಎಲ್ಲ ಆಂಬುಲೆನ್ಸುಗಳು ವರ್ಷಗಟ್ಟಲೆ ಕಳಿಸಿದ ಅಷ್ಟೂ ಚುಕ್ಕೆಗಳು. ಕೋಟಿ ಕೋಟಿ ಚುಕ್ಕೆಗಳು! ಅಷ್ಟನ್ನೂ ಒಟ್ಟಿಗೆ ಎಳೆದು ತಂದರೆ ಯಾವ ಕಂಪ್ಯೂಟರಿನ ಮೆಮೊರಿಯೂ ತಡೆಯುವುದಿಲ್ಲ. ಅದು ಅವಳಿಗೆ ಗೊತ್ತಿಲ್ಲದ್ದೇನಲ್ಲ. ಅದಕ್ಕೇ ಅವಳು ಪ್ರೋಗ್ರಾಮಿನಲ್ಲಿ 'ಸೋಮಾರಿ ಸಾಲು' ಎಂಬುದನ್ನು ಬರೆದಳು. ಆ ಸಾಲು ತಾನಾಗಿ ಏನನ್ನೂ ತರುವುದಿಲ್ಲ. ಕೇಳಿದರೆ ಒಂದು ಚುಕ್ಕೆ ತರುತ್ತದೆ. ಮತ್ತೆ ಕೇಳಿದರೆ ಇನ್ನೊಂದು. ನೋಡಿ ಮುಗಿದದ್ದನ್ನು ಕಂಪ್ಯೂಟರು ತಾನೇ ಗುಡಿಸಿ ಹಾಕುತ್ತದೆ. ಹೀಗಾದರೆ ಸಮುದ್ರವನ್ನೂ ಒಂದು ಲೋಟದಲ್ಲಿ ಮೊಗೆದು ಮುಗಿಸಬಹುದು.

"ಕೇಳಿದರೆ ಮಾತ್ರ ಕೊಡೋದು. ಥೇಟ್ ನಿಮ್ಮ ಹಾಗೆ!" ಎಂದು ಅವನಿಗೆ ಚುಚ್ಚಿದಳು. ಹಳೆಯ ಫೈಲುಗಳನ್ನೆಲ್ಲ ಹುಡುಕಿ ತಂದು ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಅವನು ತಲೆಯಾಡಿಸಿದ.

ಆದರೆ ಪ್ರೋಗ್ರಾಂ ಸತ್ತಿತು!

ಮೆಮೊರಿಯ ಪಟ್ಟಿ ಪರದೆಯ ಮೂಲೆಯಲ್ಲಿ ಏರಿತು, ಏರಿತು, ಕೆಂಪಾಯಿತು. ಎಲ್ಲ ನಿಂತುಹೋಯಿತು. 'ಮೆಮೊರಿ ಸಾಲದು.'

ಮತ್ತೆ ಓಡಿಸಿದಳು. ಮತ್ತೆ ಸತ್ತಿತು. ಜಗಳವಾಡಿ ದೊಡ್ಡ ಕಂಪ್ಯೂಟರು ತರಿಸಿದಳು. ಅದು ಇನ್ನೊಂದಿಷ್ಟು ದೂರ ಹೋಗಿ ಸತ್ತಿತು. ಬೈದಳು, ಮೇಜು ಗುದ್ದಿದಳು. ಅಡ್ಡ ಬಂದವರೆಲ್ಲರ ಜನ್ಮ ಜಾಲಾಡಿದಳು.

ಅವನು ಟೀ ತಂದಿಟ್ಟ. ಅವಳ ಕೈಗೆ ಎಟುಕುವಷ್ಟು ಹತ್ತಿರ, ಎಸೆಯಲಾರದಷ್ಟು ದೂರ.

"ಫೈಲುಗಳು ಸರಿ ಇದ್ದಾವಾ? ಇಲ್ಲ, ಇದರಲ್ಲೂ ಮೊದಲ ದಿನದ ಹಾಗೆ ಅರ್ಧ ಸತ್ಯಾನಾ?"

"ಸರಿ ಇದ್ದಾವೆ," ಎಂದ ಅವನು. ಅಷ್ಟೇ.

ಎರಡು ದಿನ ಅವನು ತನ್ನ ಪಾಳಿ ಮುಗಿಸಿ ನೇರ ಮೇಲೆ ಬಂದು ಕೂರುತ್ತಿದ್ದ. ಅವಳು ಊಟ ಮರೆತರೆ ಬ್ರೆಡ್ಡಿನ ಪೊಟ್ಟಣ ಸರಿಸುತ್ತಿದ್ದ. ಅವಳು ಬೈದರೆ ಕೇಳುತ್ತಿದ್ದ. *ಇಷ್ಟು ಬೈದರೂ ಎದ್ದು ಹೋಗಲ್ವಲ್ಲ ಈ ಮನುಷ್ಯ...* ಎನ್ನಿಸಿ ಅವಳ ಮನಸ್ಸು ಮೆತ್ತಗಾಗುತ್ತಿತ್ತು. ತಕ್ಷಣ ಮೊದಲ ದಿನ ನೆನಪಾಗುತ್ತಿತ್ತು. 'ನಿಂತಿತ್ತು ಅಂದೆ.' ಮೆತ್ತಗಾದದ್ದು ಮತ್ತೆ ಕಲ್ಲಾಗುತ್ತಿತ್ತು.

ಹೀಗಿರುವಾಗ ಗುರುವಾರ ಮಧ್ಯಾಹ್ನ ಅವಳು ಮೇಡಂ ಕೋಣೆಯ ಮುಂದೆ ಹಾದು ಹೋಗುತ್ತಿದ್ದಳು. ಒಳಗಿನಿಂದ ಮೇಡಂ ದನಿ ಕೇಳಿಸಿತು.

"ಹಾಗಾದ್ರೆ ಇದೇ ನಿಮ್ಮ ಕೊನೇ ಮಾತು ಅಂತ ಬರ್ಕೋತೀನಿ. ನಾಳೆ ತಿರುಗಿಸಿ ಮಾತಾಡೋ ಹಾಗಿಲ್ಲ."

"ಸರಿ ಮೇಡಂ," ಎಂದಿತು ಇನ್ನೊಂದು ದನಿ. ಯಾರದೆಂದು ಹೇಳಬೇಕೇ? ಕಲ್ಲುಬಸವನದು!

ನಿಂತ ನೆಲವೇ ಬಿರಿದಂತಾಯಿತು ಅವಳಿಗೆ. *ದಿನಾ ನನ್ನ ಪಕ್ಕ ಕೂತು ಟೀ ಕೊಡೋದು, ಕದ್ದು ಬಂದು ಅಕ್ಕನ ಕುತ್ತಿಗೆ ಕೊಯ್ಯೋದು! ಅಯ್ಯೋ, ಇವನನ್ನ ನಂಬೋಕೆ ಹೊರಟಿದ್ದೆನಲ್ಲ...*

* * *

ಅವನು ಮೇಲೆ ಬಂದಾಗ ಪ್ರೋಗ್ರಾಂ ಆಗಷ್ಟೇ ಮತ್ತೆ ಸತ್ತು ಬಿದ್ದಿತ್ತು. ಅವಳು ಎದ್ದು ನಿಂತಿದ್ದಳು. ಕಣ್ಣಲ್ಲಿ ನೀರು, ದನಿಯಲ್ಲಿ ಬೆಂಕಿ.

"ಬಂದ್ರಾ? ಆಯ್ತಾ ನಿಮ್ಮ ಕೆಲಸ? ಎಷ್ಟು ಚೆನ್ನಾಗಿ ನಾಟಕ ಆಡ್ತೀರ್ರೀ! ನಾಳೆ ಅಕ್ಕನ ಜೀವನ ಮುಗಿದು ಹೋಗುತ್ತೆ, ಆಗ ಸಮಾಧಾನ ಆಗುತ್ತಾ ನಿಮಗೆ?"

"ನೀವು ತಪ್ಪು ತಿಳಿದಿದ್ದೀರಿ."

"ನಾನು ತಪ್ಪು ತಿಳಿದಿದ್ದು ಒಂದೇ ಸಲ, ನಿಮ್ಮನ್ನ ಮನುಷ್ಯ ಅಂದ್ಕೊಂಡಾಗ! ಮೊದಲ ದಿನಾನೇ ಗೊತ್ತಾಗಬೇಕಿತ್ತು ನನಗೆ! ಮೊದಲ ದಿನ ನಿಂತಿತ್ತು ಅಂದ್ರಲ್ಲ, ಅವತ್ತೇ..."

"ಸಾಕು!"

ಕಲ್ಲುಬಸವ ಕೂಗಿದ್ದ! ಅವನ ಮುಖವೆಲ್ಲ ಕೆಂಪಾಗಿತ್ತು.

"ಎಷ್ಟು ಸಲ ಅಲ್ಲಿಗೇ ಹೋಗ್ತೀರ? ಪೆಟ್ಟಿಗೆ ತಗೊಂಡು ಬಂದೆ, ಮೊದಲ ದಿನ ಅಂದ್ರಿ. ಫೈಲು ಹುಡುಕಿ ತಂದೆ, ಮೊದಲ ದಿನ ಅಂದ್ರಿ. ಒಂದು ಲೋಟ ಟೀ ಕೊಟ್ಟರೂ ಮೊದಲ ದಿನ! ತಪ್ಪು ಮಾಡಿದ್ದೀನಿ, ಇಲ್ಲ ಅನ್ನಲ್ಲ. ಆದ್ರೆ ಆಮೇಲೆ ಆಗಿದ್ದು ಒಂದಾದ್ರೂ ಮುಗೀತು ಅಂತ ಇದೆಯಾ ನಿಮ್ಮ ಹತ್ರ? ಎಲ್ಲಾನೂ ಆ ಮೊದಲನೇ ಮಾತಿಗೆ ಕಟ್ಟಿ ಹಾಕಿದ್ದೀರ! ಪ್ರತಿ ಸಲ ಮತ್ತೆ ಶುರುವಿಂದ ಎಣಿಸ್ತೀರ! ಹೀಗೆ ತುಂಬ್ಕೊಂಡ್ರೆ ತಲೆ ಸಿಡೀದೆ ಏನಾಗುತ್ತೆ?"

ತಿರುಗಿ ಬೈಯಲು ಬಾಯಿ ತೆರೆದ ಕೆಂಡದ ಬಾಯಿ ತೆರೆದೇ ಉಳಿಯಿತು.

"ಏನಂದ್ರಿ?"

"ತಲೆ ಸಿಡಿಯುತ್ತೆ ಅಂದೆ."

"ಅದಲ್ಲ! ಅದಕ್ಕೆ ಮುಂಚೆ!"

"ಶುರುವಿಂದ ಎಣಿಸ್ತೀರ ಅಂದೆ. ಪ್ರತಿ ಸಲ."

ಅವಳು ನಿಧಾನವಾಗಿ ಪರದೆಯ ಕಡೆ ತಿರುಗಿದಳು. ತಾನೇ ಬರೆದ ಪ್ರೋಗ್ರಾಂ ಮೇಲಿಂದ ಕೆಳಗೆ ಓದಿದಳು.

"ಅಯ್ಯೋ... ನನ್ನ ಬುದ್ಧಿಗಿಷ್ಟು!"

ತಪ್ಪು ಕಣ್ಣ ಮುಂದೆಯೇ ಕೂತಿತ್ತು. ಅವಳಿಗೆ ಎರಡು ಲೆಕ್ಕ ಬೇಕಿತ್ತು. ಗಾಡಿಗಳು ತಗಡಿನ ಬೀದಿಯನ್ನು ಎಷ್ಟು ಸಲ ಹೊಕ್ಕವು ಎಂಬುದು ಒಂದು, ಅದರಲ್ಲಿ ಎಷ್ಟು ಸಲ ಚುಕ್ಕೆ ನಿಂತುಬಿಟ್ಟಿತು ಎಂಬುದು ಇನ್ನೊಂದು. ಅವಳು ಒಂದನ್ನು ಪೂರ್ತಿ ಎಣಿಸಿ, ಆಮೇಲೆ ಮತ್ತೆ ಶುರುವಿನಿಂದ ಇನ್ನೊಂದನ್ನು ಎಣಿಸೋಣ ಎಂದುಕೊಂಡಿದ್ದಳು. ಮತ್ತೆ ಶುರುವಿಗೆ ಬರಬೇಕಲ್ಲ, ಅದಕ್ಕೆ ಮೊದಲ ಚುಕ್ಕೆಯ ಕೈಯನ್ನು ಭದ್ರವಾಗಿ ಹಿಡಿದಿಟ್ಟುಕೊಂಡಿದ್ದಳು. ಮೊದಲನೆಯದು ಎರಡನೆಯದರ ಕೈ ಹಿಡಿದಿತ್ತು, ಎರಡನೆಯದು ಮೂರನೆಯದರ ಕೈ... ಮೊದಲನೆಯದನ್ನು ಬಿಡದಿದ್ದರೆ ಅದರ ಹಿಂದೆ ಬಂದ ಒಂದನ್ನೂ ಗುಡಿಸುವ ಹಾಗಿಲ್ಲ! ಹೋಗಬೇಕಾದವೆಲ್ಲ ಸಾಲಾಗಿ ಅಲ್ಲೇ ನಿಂತು ಕಂಪ್ಯೂಟರಿನ ಉಸಿರು ಕಟ್ಟಿಸಿದ್ದವು.

"ಎರಡೂ ಲೆಕ್ಕ ಒಂದೇ ಸಲ, ಹೋಗ್ತಾ ಹೋಗ್ತಾನೇ ಎಣಿಸಬೇಕಿತ್ತು," ಎಂದಳು ಅವಳು, ಕೈ ಕೀಲಿಮಣೆಯ ಮೇಲೆ ಓಡುತ್ತಿದ್ದಂತೆಯೇ. "ಕೈಯಲ್ಲಿ ಎರಡೇ ಸಂಖ್ಯೆ. ನೋಡಿದ್ದನ್ನ ಬಿಟ್ಟು ಮುಂದಕ್ಕೆ ಹೋಗ್ತಿರೋದು. ತಿರುಗಿ ಬರೋದೇ ಬೇಡ! ಏನು ನೋಡ್ತಾ ನಿಂತಿದ್ದೀರಿ? ಕೂತ್ಕೊಳ್ಳಿ! ನಿಮ್ಮ ಮೇಲಿನ ಸಿಟ್ಟು ಇನ್ನೂ ಹೋಗಿಲ್ಲ!"

ಅವನು ಕೂತ.

ಪ್ರೋಗ್ರಾಂ ಓಡಿತು. ಮೆಮೊರಿಯ ಪಟ್ಟಿ ಒಂದು ಬೆರಳಷ್ಟು ಏರಿತು... ಇಳಿಯಿತು. ಏರಿತು, ಇಳಿಯಿತು. ನಿದ್ದೆಹೋದ ಮಗುವಿನ ಎದೆಯ ಹಾಗೆ. ಒಂದು ವರ್ಷದ ಚುಕ್ಕೆಗಳು ದಾಟಿದವು, ಇನ್ನೊಂದು ವರ್ಷದವೂ ದಾಟಿದವು. ಇಬ್ಬರೂ ಆ ಪಟ್ಟಿಯನ್ನೇ ನೋಡುತ್ತ ಕೂತರು. ಹೊತ್ತು ಮುಳುಗುವ ಮೊದಲು ಉತ್ತರ ಬಂತು.

ಯಾವ ಗಾಡಿಯೇ ಇರಲಿ, ಯಾವ ಡ್ರೈವರೇ ಇರಲಿ, ತಗಡಿನ ಬೀದಿ ಹೊಕ್ಕರೆ ಹತ್ತರಲ್ಲಿ ಒಂಬತ್ತು ಸಲ ಚುಕ್ಕೆ ಬೀದಿಯ ಬಾಯಲ್ಲೇ ನಿಂತಿತ್ತು. ಆಮೇಲೆ ಆ ಕೊನೆಯಲ್ಲಿ ದಿಢೀರನೆ ಹಾರಿ ಬಂದಂತೆ ಕಾಣಿಸಿಕೊಂಡಿತ್ತು.

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅವನು ಕರವಸ್ತ್ರಕ್ಕಾಗಿ ಜೇಬಿಗೆ ಕೈ ಹಾಕಿದ. ಅದು ಅಲ್ಲಿರಲಿಲ್ಲ. ಏನು ಮಾಡಬೇಕೆಂದು ತೋಚದೆ ಎದ್ದು ಸುಮ್ಮನೆ ಹೊರಟುಹೋದ.

* * *

ಶುಕ್ರವಾರ ಮೇಡಂ ಲೆಕ್ಕವನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಅಕ್ಕನ ಕಡೆ ನೋಡಿದರು.

"ನೀನು ಗಾಡಿ ನಿಲ್ಲಿಸಿಲ್ಲಮ್ಮ. ನಿಂತಿದ್ದು ನಮ್ಮ ಪೆಟ್ಟಿಗೆ. ಸೋಮವಾರದಿಂದ ಕೆಲಸಕ್ಕೆ ಬಾ. ಆ ಹಿರಿಯರ ಮನೆಯವರ ಹತ್ರ ನಾನೇ ಹೋಗಿ ಮಾತಾಡ್ತೀನಿ."

ಅಕ್ಕ ಅಳುತ್ತಲೇ ಕೈ ಮುಗಿದಳು. ಮೇಡಂ ಈಗ ಮೂಲೆಯಲ್ಲಿ ನಿಂತವನ ಕಡೆ ಬೆರಳು ಮಾಡಿದರು.

"ಇನ್ನು ಇವರು. ಒಂದು ಮಾತು ನಿಮಗೆಲ್ಲ ಗೊತ್ತಿರಲಿ. ನಿನ್ನೆ ಮಧ್ಯಾಹ್ನ, ಈ ಲೆಕ್ಕ ಬರೋದಕ್ಕೆ ಮುಂಚೇನೇ, ಇವರು ನನ್ನ ಕೋಣೆಗೆ ಬಂದಿದ್ರು. ನಾನು ಕರೆದಿರಲಿಲ್ಲ. 'ಚುಕ್ಕೆ ನಿಂತಿದ್ದು ನೋಡಿದೆ, ಗಾಡಿ ನಿಂತಿದ್ದು ನೋಡಿಲ್ಲ. ನೋಡದ್ದನ್ನ ನೋಡಿದ ಹಾಗೆ ಹೇಳಿದ್ದು ನನ್ನ ತಪ್ಪು. ಶಿಕ್ಷೆ ಇದ್ದರೆ ನನಗೆ ಕೊಡಿ, ಆ ಡ್ರೈವರಮ್ಮನಿಗೆ ಬೇಡ' ಅಂದ್ರು. ಕೆಲಸ ಹೋಗಬಹುದು ಅಂದೆ. ಹೋಗಲಿ ಅಂದ್ರು."

ಕೆಂಡಕ್ಕೆ ನೆಲ ನೋಡಬೇಕೋ ಗೋಡೆ ನೋಡಬೇಕೋ ತಿಳಿಯಲಿಲ್ಲ.

"ಕೆಲಸ ಉಳೀತು," ಎಂದರು ಮೇಡಂ. "ಆದ್ರೆ ಎಚ್ಚರಿಕೆ ಕೊಡ್ತಿದ್ದೀನಿ. ಇನ್ನು ಮೇಲೆ ಬಾಯಿ ಬಿಡಿ ಮಾರಾಯ್ರೇ, ಯಾರಾದ್ರೂ ಕೇಳಲಿ ಅಂತ ಕಾಯ್ಬೇಡಿ!"

* * *

ಸೋಮವಾರ ಬೆಳಿಗ್ಗೆ ಅದೇ ಬಾಗಿಲು, ಅದೇ ಮೇಜು. ಕ್ಷಮೆ ಕೇಳಬೇಕೆಂದು ಮನೆಯಿಂದಲೇ ಮಾತು ಜೋಡಿಸಿಕೊಂಡು ಬಂದಿದ್ದಳು. ಅವನ ಮುಖ ಕಂಡದ್ದೇ ಜೋಡಿಸಿದ್ದೆಲ್ಲ ಚೆಲ್ಲಾಪಿಲ್ಲಿ!

"ಯಾಕ್ರೀ ಹೇಳಲಿಲ್ಲ ನನಗೆ? ಅಷ್ಟು ಬೈತಿದ್ದೆ, ಕಲ್ಲಿನ ಹಾಗೆ ಕೇಳ್ಕೊಂಡು ನಿಂತಿದ್ರಲ್ಲ! 'ನಾನು ಒಳಗೆ ಹೋಗಿದ್ದು ಇದಕ್ಕೆ' ಅಂತ ಒಂದು ಮಾತು ಹೇಳಿದ್ರೆ ಗಂಟೇನು ಹೋಗ್ತಿತ್ತು?"

"ನೀವು ಕೇಳಲಿಲ್ಲ..."

"ಅಯ್ಯೋ ದೇವರೇ! ಇವನನ್ನ ಏನು ಮಾಡಲಿ ನಾನು!" ಅವಳು ಹಣೆ ಚಚ್ಚಿಕೊಂಡಳು. ಸುತ್ತ ಕೂತವರು ಮುಖ ತಗ್ಗಿಸಿ ನಕ್ಕರು. "ಹೋಗಲಿ, ಅಕ್ಕನ ಬ್ಯಾಡ್ಜ್ ಎಲ್ಲಿ? ಸ್ಟೋರಲ್ಲಿ ಕೇಳಿದ್ರೆ ಬಂದೇ ಇಲ್ಲ ಅಂತಿದ್ದಾರೆ!"

ಅವನು ಡ್ರಾಯರ್ ಎಳೆದ. ಟೀ ಕಲೆಯ ಕರವಸ್ತ್ರದ ಒಂದು ಪುಟ್ಟ ಗಂಟು. ಬಿಚ್ಚಿದರೆ ಒಳಗೆ ಅಕ್ಕನ ಬ್ಯಾಡ್ಜು, ಹೊಳೆಯುವ ಹಾಗೆ ಒರೆಸಿಟ್ಟದ್ದು.

"ಸ್ಟೋರಿಗೆ ಹೋಗಿದ್ರೆ ಅವತ್ತೇ ಕತ್ತರಿಸಿ ಬಿಸಾಡಿರ್ತಿದ್ರು. ನನ್ನ ಹತ್ರ ಯಾರೂ ಕೇಳಲಿಲ್ಲ. ನಾನೂ ಕೊಡಲಿಲ್ಲ."

ಅವಳು ಕರವಸ್ತ್ರವನ್ನು ನೋಡಿದಳು, ಬ್ಯಾಡ್ಜನ್ನು ನೋಡಿದಳು. ಮೊದಲ ದಿನವೇ... ತಾನು ಕೂಗಾಡಿ ಹೋದ ಆ ದಿನವೇ ಇವನು ಅಕ್ಕನ ಕೆಲಸವನ್ನು ಗಂಟು ಕಟ್ಟಿ ಕಾಪಾಡಿದ್ದ. ಅದೇ ದಿನವನ್ನು ತಾನು ಕಲ್ಲಿನ ಹಾಗೆ ಎತ್ತಿ ಎತ್ತಿ ಅವನಿಗೆ ಹೊಡೆದಿದ್ದಳು.

"ತಪ್ಪಾಯ್ತು," ಎಂದಳು. ದನಿ ಸಣ್ಣಗಾಗಿತ್ತು. "ಮೊದಲ ದಿನದ್ದು ಬಿಟ್ಟೆ. ಇನ್ನು ಎತ್ತಲ್ಲ."

"ಪೂರ್ತಿ ಬಿಡಬೇಡಿ. ಸ್ವಲ್ಪ ನನಗೆ ಬೇಕು."

"ಯಾವುದು? ಟೀನಾ?"

"ಬಾಗಿಲಲ್ಲಿ ನೀವು ನಿಂತಿದ್ರಲ್ಲ... ಅಷ್ಟು."

ಕೆಂಡಕ್ಕೆ ಮಾತು ಹೊರಡಲಿಲ್ಲ. ಕಂಟ್ರೋಲ್ ರೂಮಿನ ಇತಿಹಾಸದಲ್ಲಿ ಅದೇ ಮೊದಲು!

ಅವನು ಎದ್ದು ನಿಂತ. ಕಿವಿ ಕೆಂಪಾಗಿತ್ತು. ಬೆವರುತ್ತ, ತಡವರಿಸುತ್ತ ಹೇಳಿದ.

"ಇನ್ನೊಂದು ಮಾತಿದೆ. ಇದನ್ನ ನೀವು ಕೇಳಿಲ್ಲ. ಯಾರೂ ಕೇಳಿಲ್ಲ. ಕೇಳೋ ತನಕ ಕಾದ್ರೆ ಜನ್ಮ ಕಳೆದುಹೋಗುತ್ತೆ ಅಂತ ಹೆದರಿ ಹೇಳ್ತಿದ್ದೀನಿ. ನನಗೆ ನೀವಂದ್ರೆ ಪ್ರಾಣ. ನಿಮ್ಮ ಬೈಗುಳ ಕೇಳದ ದಿನ ನನಗೆ ಊಟ ಸೇರಲ್ಲ. ನಿಮಗೆ ಇಷ್ಟ ಇಲ್ಲದಿದ್ರೆ ಇನ್ನೊಂದು ಲೋಟ ಟೀ ಇಲ್ಲೇ ಇದೆ... ಎಸೆದುಬಿಡಿ."

ಅವಳ ಕಣ್ಣಿಂದ ಎರಡು ಹನಿ ಉದುರಿದವು. ಲೋಟ ಎತ್ತಿಕೊಂಡಳು. ಫೋನ್ ಹಿಡಿದವರೆಲ್ಲ ಉಸಿರು ಬಿಗಿಹಿಡಿದರು. ಅವಳು ಆ ಟೀಯನ್ನು ಒಂದೇ ಗುಟುಕಿಗೆ ಕುಡಿದು ಲೋಟವನ್ನು ಕುಕ್ಕಿದಳು.

"ಸಕ್ಕರೆ ಹಾಕಿಲ್ಲ! ಇದನ್ನ ಹೇಳೋಕೆ ಇಷ್ಟು ದಿನ ಬೇಕಿತ್ತಾ ನಿನಗೆ, ಕಲ್ಲುಬಸವ?"

ನಿನಗೆ! ನೀವು ಹೋಗಿ ನೀನು ಬಂದದ್ದನ್ನು ಅವನು ಕೇಳಿಸಿಕೊಂಡ. ಅವನ ಮುಖ ಅರಳಿತು.

ಆ ಬೆಳಿಗ್ಗೆಯೇ ಬ್ಯಾಡ್ಜು ಅಕ್ಕನ ಎದೆಗೇರಿತು. ಮೊದಲ ಕರೆಗೆ ಸೈರನ್ ಕೂಗುತ್ತ ಹೊರಟಳು. ಇಬ್ಬರೂ ಗೋಡೆಯ ಪರದೆಯ ಮುಂದೆ ನಿಂತು ನೋಡಿದರು. ಹಳೆಯವುಗಳ ಬದಲಿಗೆ ತರಿಸಬೇಕಿದ್ದ ಹೊಸ ಪೆಟ್ಟಿಗೆಗಳು ಇನ್ನೂ ಬಂದಿರಲಿಲ್ಲ. ಅಕ್ಕನ ಚುಕ್ಕೆ ರಸ್ತೆಯಿಂದ ರಸ್ತೆಗೆ ಹಾರಿ, ಮಾರುಕಟ್ಟೆ ಬೀದಿಯ ಬಾಯಿಗೆ ಬಂದು ಗಕ್ಕನೆ ನಿಂತಿತು.

ಅವಳ ಕೈ ತಾನಾಗಿ ಅವನ ಕೈ ಹುಡುಕಿತು.

"ಹೋಗ್ತಾ ಇದ್ದಾಳೆ," ಎಂದ ಅವನು. "ಬಕೆಟ್ ಅಂಗಡಿ ದಾಟಿರ್ತಾಳೆ ಈಗ."

"ನಾನೇನೂ ಕೇಳಲಿಲ್ವಲ್ಲ."

"ಗೊತ್ತು," ಎಂದ ಅವನು. "ಆದ್ರೂ ಹೇಳ್ತೀನಿ."